ಚೆಲುವೆ ಪುಡಿಯ ತೂಕ ಮತ್ತು ಕ್ಲೋರಿನ್ನಿನ ತೂಕ: ಕುಡಿಯುವ ನೀರಿನ ಒಂದು ಲೆಕ್ಕ

ಕುಡಿಯುವ ನೀರಿನ ಶುದ್ಧೀಕರಣಕ್ಕೆ ಬೇಕಾದ ಚೆಲುವೆ ಪುಡಿಯ, ಅಂದರೆ ಬ್ಲೀಚಿಂಗ್ ಪೌಡರಿನ, ಖರೀದಿ ವೆಚ್ಚವು ಗ್ರಾಮ ಪಂಚಾಯಿತಿ ಸಭೆಯ ಮುಂದೆ ಕಿಲೋಗ್ರಾಂಗಳ ಲೆಕ್ಕದಲ್ಲಿ ಬರುತ್ತದೆ. ರೋಗಾಣುಗಳನ್ನು ನಾಶಪಡಿಸುವುದಾದರೋ ಆ ಪುಡಿಯಿಂದ ದೊರೆಯುವ ಕ್ಲೋರಿನ್. ಇವೆರಡರ ನಡುವಣ ಅಂತರವನ್ನು ಅರಿಯಲು ಪ್ರೌಢಶಾಲೆಯ ರಸಾಯನಶಾಸ್ತ್ರದ ಮೋಲ್ ಲೆಕ್ಕವೇ ಸಾಕು.

ರಾಸಾಯನಿಕ ಕ್ರಿಯೆಯಲ್ಲಿ ಅಣುಗಳು ಎಣಿಕೆಯ ಪ್ರಕಾರ ಕೂಡುತ್ತವೆ. ಅವುಗಳನ್ನು ಒಂದೊಂದಾಗಿ ಎಣಿಸಲಾಗದ ಕಾರಣ ಮೋಲ್ ಎಂಬ ಮಾನವನ್ನು ಬಳಸಲಾಗುತ್ತದೆ. ಒಂದು ಡಜನ್ ನಿಂಬೆಹಣ್ಣು ಮತ್ತು ಒಂದು ಡಜನ್ ತೆಂಗಿನಕಾಯಿಗಳ ತೂಕ ಬೇರೆಯಾದರೂ ಎಣಿಕೆ ಒಂದೇ ಆಗಿರುವಂತೆ, ಬೇರೆ ಬೇರೆ ವಸ್ತುಗಳ ಒಂದು ಮೋಲಿನ ತೂಕವೂ ಬೇರೆಯಾಗಿರುತ್ತದೆ. ಒಂದು ಮೋಲ್ ಅರಳಿದ ಸುಣ್ಣ 74 ಗ್ರಾಂ. ಒಂದು ಮೋಲ್ ಕ್ಲೋರಿನ್ 71 ಗ್ರಾಂ. ಇವೆರಡೂ ಕೂಡಿದಾಗ 127 ಗ್ರಾಂ ಚೆಲುವೆ ಪುಡಿಯೂ 18 ಗ್ರಾಂ ನೀರೂ ಉಂಟಾಗುತ್ತವೆ. ಎರಡೂ ಕಡೆ ಮೊತ್ತ 145 ಗ್ರಾಂ.

ಈ ಸೂತ್ರದ ಪ್ರಕಾರ 127 ಗ್ರಾಂ ಪುಡಿಯಿಂದ 71 ಗ್ರಾಂ ಕ್ಲೋರಿನ್, ಅಂದರೆ ಸುಮಾರು ಶೇ. 56, ಮರಳಿ ದೊರೆಯಬೇಕು. ಆದರೆ ಪಠ್ಯಪುಸ್ತಕದ ಸೂತ್ರ ಸರಳೀಕರಿಸಿದ್ದು. ಮಾರುಕಟ್ಟೆಯ ಪುಡಿಯಲ್ಲಿ ಕ್ರಿಯೆಗೆ ಒಳಗಾಗದ ಸುಣ್ಣವೂ ತೇವಾಂಶವೂ ಬೆರೆತಿರುತ್ತವೆ. ಆದ್ದರಿಂದ ಹೊಸ ಚೀಲದಲ್ಲಿಯೂ ಲಭ್ಯ ಕ್ಲೋರಿನ್ ಸಾಮಾನ್ಯವಾಗಿ ಶೇ. 33ರ ಆಸುಪಾಸಿನಲ್ಲಿರುತ್ತದೆ. ಸೈದ್ಧಾಂತಿಕ 56ಕ್ಕೆ ಹೋಲಿಸಿದರೆ ಇದು ಶೇ. 59ರಷ್ಟು ಇಳುವರಿ. ಪೈರು ನೋಡಿ ಮಾಡಿದ ಅಂದಾಜಿಗೂ ಕಣದಲ್ಲಿ ಅಳೆದ ರಾಶಿಗೂ ಇರುವ ವ್ಯತ್ಯಾಸವನ್ನು ಬಲ್ಲ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಯಿ ತೆರೆದಿಟ್ಟ ಚೀಲದಲ್ಲಿ ಗಾಳಿ, ತೇವ ಮತ್ತು ಬಿಸಿಲಿನಿಂದ ಈ ಪ್ರಮಾಣ ಇನ್ನೂ ಇಳಿಯುತ್ತದೆ. ಘಾಟು ಬಲವಾಗಿದ್ದರೆ ಪುಡಿಯೂ ಬಲವಾಗಿದೆ ಎಂಬ ನಂಬಿಕೆ ಸರಿಯಲ್ಲ. ಮೂಗಿಗೆ ಬಡಿಯುವುದು ಚೀಲದಿಂದ ಹೊರಹೋಗುತ್ತಿರುವ ಕ್ಲೋರಿನ್.

ಈಗ 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ಒಂದನ್ನು ತೆಗೆದುಕೊಳ್ಳಬಹುದು. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಬೇಕೆಂದಾದರೆ ಒಟ್ಟು ಬೇಕಾದದ್ದು 50 ಗ್ರಾಂ. ಶೇ. 33ರ ಪುಡಿಯಾದರೆ 50ನ್ನು 100ರಿಂದ ಗುಣಿಸಿ 33ರಿಂದ ಭಾಗಿಸಬೇಕು; ಸುಮಾರು 150 ಗ್ರಾಂ. ಶೇ. 15ಕ್ಕೆ ಇಳಿದ ಹಳೆಯ ಪುಡಿಯಾದರೆ 333 ಗ್ರಾಂ ಬೇಕು. ನೀರುಗಂಟಿಯು ರೂಢಿಯಂತೆ ಅದೇ 150 ಗ್ರಾಂ ಹಾಕಿದರೆ ನೀರಿಗೆ ಸೇರುವ ಕ್ಲೋರಿನ್ 22.5 ಗ್ರಾಂ ಮಾತ್ರ. ಚೀಲ ಖಾಲಿಯಾಗುತ್ತದೆ, ವಹಿಯಲ್ಲಿ ದಿನವಹಿ ನಮೂದೂ ಇರುತ್ತದೆ, ನೀರು ಮಾತ್ರ ಅಸುರಕ್ಷಿತವಾಗಿಯೇ ಉಳಿಯಬಹುದು.

ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣ ಕರಗಿದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಕ್ಲೋರಿನ್ ಮೊದಲು ಕಬ್ಬಿಣದೊಡನೆ ವರ್ತಿಸುತ್ತದೆ. ಎರಡು ಮೋಲ್ ಕಬ್ಬಿಣವು, ಎಂದರೆ ಸುಮಾರು 112 ಗ್ರಾಂ, ಒಂದು ಮೋಲ್ ಕ್ಲೋರಿನ್ ಅನ್ನು ಬಳಸಿಕೊಳ್ಳುತ್ತದೆ. ಲೀಟರಿಗೆ 1 ಮಿಲಿಗ್ರಾಂ ಕಬ್ಬಿಣವಿದ್ದರೆ ಮೇಲಿನ ಟ್ಯಾಂಕಿನಲ್ಲಿರುವ ಕಬ್ಬಿಣ 50 ಗ್ರಾಂ. ಅದೊಂದೇ ಸುಮಾರು 32 ಗ್ರಾಂ ಕ್ಲೋರಿನ್ ಅನ್ನು ನುಂಗುತ್ತದೆ. ಹಳೆಯ ಪುಡಿಯ 22.5 ಗ್ರಾಂ ಕಬ್ಬಿಣಕ್ಕೇ ಸಾಲದು. ಹೊಸ ಪುಡಿಯಾದರೂ ಸುಮಾರು 97 ಗ್ರಾಂ ಹೆಚ್ಚುವರಿಯಾಗಿ ಬೇಕು.

ಆದುದರಿಂದ ಖರೀದಿಯ ಸಮಯದಲ್ಲಿ ಚೀಲದ ಮೇಲಿನ ತಯಾರಿಕೆಯ ದಿನಾಂಕವನ್ನೂ ಲಭ್ಯ ಕ್ಲೋರಿನ್ನಿನ ಶೇಕಡಾವಾರನ್ನೂ ದಾಸ್ತಾನು ವಹಿಯಲ್ಲಿ ಬರೆಯಿಸುವುದು ಸೂಕ್ತ. ಹಳೆಯ ದಾಸ್ತಾನಿನ ಮಾದರಿಯನ್ನು ಸಮೀಪದ ಪದವಿಪೂರ್ವ ಕಾಲೇಜಿನ ಪ್ರಯೋಗಾಲಯದಲ್ಲಿಯೂ ಪರೀಕ್ಷಿಸಬಹುದು. ಅಲ್ಲಿ ಒಂದು ಮೋಲ್ ಕ್ಲೋರಿನ್ ಒಂದು ಮೋಲ್ ಅಯೋಡಿನ್ ಅನ್ನು ಬಿಡುಗಡೆ ಮಾಡುತ್ತದೆ. ಅದಕ್ಕೆ ಎರಡು ಮೋಲ್ ಹೈಪೋ ಖರ್ಚಾಗುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತವಾದ ಪ್ರಾಯೋಗಿಕ ಪಾಠ ದೊರೆಯುವುದು ವಿರಳ.

ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ಕನಿಷ್ಠ 30 ನಿಮಿಷಗಳ ಅನಂತರವೇ ನೀರು ಬಿಡಬೇಕು. ಭಾರತೀಯ ಮಾನಕದ ಪ್ರಕಾರ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಇದನ್ನು ಟ್ಯಾಂಕಿನ ಬುಡದ ನಲ್ಲಿಯ ಬದಲು ಕೊನೆಯ ಬೀದಿಯ ಕೊನೆಯ ಮನೆಯ ನಲ್ಲಿಯಲ್ಲಿ ಪರೀಕ್ಷಿಸತಕ್ಕದ್ದು.