ಮಕ್ಕಳಿಗೆ ತಿರುಗಿ ಬರುವುದನ್ನೂ ಕಲಿಸು

ತಮ್ಮಾ, ಮಳೆ ನಿಂತ ಮೇಲೆ ಮಕ್ಕಳನ್ನು ಕರೆದುಕೊಂಡು ಜಾಂಬೋಟಿ ಕಡೆ ಹೊಳೆಗೆ ಹೋಗಬೇಕು ಅಂದೆಯಲ್ಲ, ಅಗತ್ಯ ಹೋಗು. ಟಿಳಕವಾಡಿಯ ನಿಮ್ಮ ಮನೆಯ ನಳಕ್ಕೆ ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ಬರುತ್ತದೆ. ಹಾಗಾಗಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ, ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಿನ್ನ ಮಕ್ಕಳಿಗೆ ನಕಾಶೆಯ ಮೇಲಿನ ಒಂದು ಗೆರೆ ಅಷ್ಟೇ. ಹಬ್ಬನಹಟ್ಟಿಯ ಮಾರುತಿ ಗುಡಿಯ ಹತ್ತಿರವೋ ಖಾನಾಪುರದ ಪಕ್ಕದ ಅಸೋಗಾದಲ್ಲೋ ಆ ನೀರಿಗೆ ಕಾಲು ಇಳಿಬಿಟ್ಟು ಕುಳಿತರೆ ಅವರಿಗೆ ಹೊಳೆ ಏನೆಂದು ತಿಳಿಯುತ್ತದೆ. ಬುತ್ತಿ ಕಟ್ಟಿಕೋ, ಕಾರು ದೂರ ನಿಲ್ಲಿಸು, ಮಕ್ಕಳನ್ನು ನಡೆಸು. ಆದರೆ ಹೊರಡುವ ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೋ. ಅರ್ಧ ದಾರಿಯಿಂದ ತಿರುಗಿ ಬರುವುದಕ್ಕೂ ಮಕ್ಕಳನ್ನು ತಯಾರು ಮಾಡಿರು.

ನೀನಿನ್ನೂ ಚಿಕ್ಕವನಿದ್ದಾಗ ನಮ್ಮ ಮನೆಮಂದಿಯೆಲ್ಲ ಜಾಂಬೋಟಿ ಆಚೆ ಕಾಡುದಾರಿಯಲ್ಲಿ ಹೊಳೆಗೆ ನಡೆದಿದ್ದೆವು. ದಾರಿ ತೋರಿಸಲು ಗೌಳಿವಾಡೆಯ ಹಿರಿಯರೊಬ್ಬರು ಜೊತೆಗಿದ್ದರು. ನೀರಿನ ಸಪ್ಪಳ ಕಿವಿಗೆ ಬಿದ್ದಿದ್ದೇ ತಡ, ಹುಡುಗರು ಓಡಲು ಶುರುಮಾಡಿದರು. ಹಿರಿಯರು ಕೋಲು ಅಡ್ಡ ಹಿಡಿದರು. ತಿರುವಿನಲ್ಲಿ, ಬಿದಿರ ಮೆಳೆಗೆ ಒತ್ತಿಕೊಂಡು ಒಂಟಿ ಕಾಡುಕೋಣ ನಿಂತಿತ್ತು. ಮೈ ಕಪ್ಪು, ಮೊಣಕಾಲಿನಿಂದ ಕೆಳಗೆ ಬಿಳಿ, ಭುಜದ ಮೇಲೆ ಎದ್ದು ನಿಂತ ದಿಂಡು, ಒದ್ದೆ ಮೂಗು. ನೊಣಕ್ಕೆ ಕಿವಿ ಒಮ್ಮೆ ಅಲ್ಲಾಡಿತು. ಅದು ತನ್ನ ಪೂರ್ತಿ ಮೈ ಕಾಣುವಂತೆ ಅಡ್ಡ ತಿರುಗಿ, ಮೂಗಿನಿಂದ ಜೋರಾಗಿ ಉಸಿರು ಬಿಟ್ಟಿತು.

ಯಾರೂ ಕೂಗಲಿಲ್ಲ. ಹಿರಿಯರು ಕೈಸನ್ನೆ ಮಾಡಿದಂತೆ ಮಕ್ಕಳನ್ನು ನಡುವೆ ಹಾಕಿಕೊಂಡು, ಕೋಣದ ಕಡೆ ಬೆನ್ನು ಮಾಡದೆ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದೆವು. ಸ್ವಲ್ಪ ಹೊತ್ತಿಗೆ ಅದು ಹೊಳೆಯ ಕಡೆಗೇ ಇಳಿಯಿತು. ಹುಡುಗರು "ಹೋಯ್ತಲ್ಲ, ಈಗ ನಡೀರಿ" ಅಂತ ಹಟ ಹಿಡಿದರು. ಹಿರಿಯರು ಹೇಳಿದ್ದು ಇಷ್ಟೇ: "ನೀರಿಗೆ ಬಂದೈತಿ. ಇವತ್ತ ಬ್ಯಾಡ." ಬುತ್ತಿಯನ್ನು ರಸ್ತೆ ಬದಿಯ ಮಾವಿನ ಮರದಡಿ ಬಿಚ್ಚಿದೆವು. ಅಷ್ಟು ಹೊತ್ತೂ ಹುಡುಗರ ಬಾಯಲ್ಲಿ ಕೋಣದ್ದೇ ಮಾತು.

ಇದನ್ನು ಯಾಕೆ ಹೇಳುತ್ತೇನೆಂದರೆ, ಖಾನಾಪುರದ ಕಾಡಿನಲ್ಲಿ ಪ್ರಾಣಿ ಎದುರಾಗುವುದು ಅಪರೂಪದ ಮಾತಲ್ಲ. 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡ ಸುಮಾರು 190 ಚದರ ಕಿಲೋಮೀಟರ್ ಇದೆ, ಅದರಾಚೆಗೂ ಕಾಡಿದೆ. 2022ರ ಆಗಸ್ಟ್‌ನಲ್ಲಿ ಬೆಳಗಾವಿ ನಗರದ ಗಾಲ್ಫ್ ಮೈದಾನದಲ್ಲೇ ಚಿರತೆ ಕಾಣಿಸಿಕೊಂಡು ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟದ್ದು ನಿನಗೇ ನೆನಪಿದೆ. ಊರೊಳಗೇ ಹೀಗಾದರೆ ಕಾಡಿನ ಮಾತು ಹೇಳಬೇಕೆ?

ಗಂಡು ಕಾಡುಕೋಣ ಸಾವಿರ ಕಿಲೋದವರೆಗೂ ತೂಗುತ್ತದೆ. ಅದಕ್ಕೆ ಕಣ್ಣಿಗಿಂತ ಮೂಗು ಚುರುಕು. ಹೆಚ್ಚಾಗಿ ಬೆಳಗಿನ ಜಾವ, ಸಂಜೆ ಮೇಯಲು ಹೊರಬರುತ್ತದೆ. ಆದ್ದರಿಂದ ಬಿಸಿಲೇರಿದ ಮೇಲೆ ಹೋಗಿ, ಹೊತ್ತು ಇಳಿಯುವ ಮೊದಲೇ ರಸ್ತೆಗೆ ಬಂದುಬಿಡು. ಅದು ತಲೆ ತಗ್ಗಿಸಿ ಕಾಲು ಕೆರೆದರೆ ದಪ್ಪ ಮರದ ಮರೆಗೆ ಹೋಗಬೇಕು. ಫೋಟೋಕ್ಕೆಂದು ಒಂದು ಹೆಜ್ಜೆಯೂ ಮುಂದಿಡಬಾರದು. ಕರಡಿಯ ರೀತಿ ಬೇರೆ. ಹುತ್ತ ಕೆದರುತ್ತಲೋ ಹಣ್ಣು ತಿನ್ನುತ್ತಲೋ ಮೈಮರೆತಿರುತ್ತದೆ, ದಿಢೀರನೆ ಹತ್ತಿರ ಹೋದವರ ಮೇಲೆ ಗಾಬರಿಯಿಂದ ಎರಗುತ್ತದೆ. ಪೊದೆ ದಟ್ಟವಾಗಿರುವ ಕಡೆ ಮಾತಾಡುತ್ತಾ ನಡೆದರೆ ಅದೇ ದೂರ ಹೋಗುತ್ತದೆ. ಮಕ್ಕಳು ಯಾವತ್ತೂ ದೊಡ್ಡವರಿಗಿಂತ ಮುಂದೆ ಓಡಕೂಡದು.

ಇನ್ನು ನೀರು. ಪ್ರಾಣಿಯಾದರೂ ಉಸಿರು ಬಿಟ್ಟು ಎಚ್ಚರಿಸುತ್ತದೆ, ಹೊಳೆ ಅಷ್ಟನ್ನೂ ಮಾಡುವುದಿಲ್ಲ. ಖಾನಾಪುರದಲ್ಲಿ ಬಿಸಿಲಿದ್ದರೂ ಮೇಲೆ ಕಣಕುಂಬಿಯಲ್ಲಿ ಮಳೆ ಹೊಡೆದಿರುತ್ತದೆ, ಆ ನೀರು ಆಮೇಲೆ ಕೆಳಗೆ ಬರುತ್ತದೆ. ತಿಳಿ ನೀರು ಕೆಂಪಾಗಿ, ಎಲೆ ಕಡ್ಡಿ ತೇಲಿಬಂದರೆ ಎಲ್ಲರೂ ಆ ಕ್ಷಣವೇ ದಡ ಹತ್ತಬೇಕು. ಮಳೆಗಾಲದಲ್ಲಿ ಹಬ್ಬನಹಟ್ಟಿಯ ಗುಡಿಯೇ ಮುಳುಗುತ್ತದೆ. ನೀರು ಇಳಿದ ಮೇಲೂ ಕಲ್ಲಿನ ಮೇಲೆ ಪಾಚಿ, ಪಕ್ಕದಲ್ಲೇ ಆಳದ ಮಡು ಇರುತ್ತವೆ. 2022ರ ನವೆಂಬರ್‌ನಲ್ಲಿ, ಮಳೆ ಮುಗಿದ ಮೇಲೆಯೇ, ಬೆಳಗಾವಿಯಿಂದ ರಾಜ್ಯದ ಗಡಿಯಾಚೆಯ ಕಿತವಾಡ ಜಲಪಾತಕ್ಕೆ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಆ ಮನೆಗಳ ಸಂಕಟ ಯಾರಿಗೂ ಬರಬಾರದು. ಈಜು ಬರುವ ದೊಡ್ಡವರೊಬ್ಬರು ಮೊದಲು ಇಳಿದು ಆಳ ನೋಡಲಿ, ಇನ್ನೊಬ್ಬರು ದಡದಲ್ಲಿ ಹಗ್ಗ ಹಿಡಿದಿರಲಿ. ದಡದಲ್ಲಿರುವವರು ಮೊಬೈಲ್ ಮುಟ್ಟುವುದು ಬೇಡ.

ಊರಿನವರನ್ನು ಕೇಳದೆ ಕಾಡುದಾರಿ ಹಿಡಿಯಬೇಡ. ದನ ಕಾಯುವವರಿಗೆ ಆ ವಾರ ಯಾವ ಪ್ರಾಣಿ ಎಲ್ಲಿ ಓಡಾಡುತ್ತಿದೆ ಎಂದು ಗೊತ್ತಿರುತ್ತದೆ. ಅರಣ್ಯ ಇಲಾಖೆ ನಿರ್ಬಂಧ ಹಾಕಿದ ಕಡೆ ಸುತ್ತುಬಳಸಿ ನುಗ್ಗಬೇಡ, ಧಾಮದೊಳಗೆ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಅರಣ್ಯ ಸಹಾಯವಾಣಿ 1926, ತುರ್ತು ಸಂಖ್ಯೆ 112, ಎರಡನ್ನೂ ಬರೆದುಕೋ. ಆದರೆ ಆ ಕಾಡಿನಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗು.

ಹೊರಡುವ ಹಿಂದಿನ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಹೇಳು: ನಾಳೆ ಹೊಳೆ ಸಿಗಬಹುದು, ಸಿಗದೆಯೂ ಇರಬಹುದು, ದೊಡ್ಡವರು "ತಿರುಗಿ" ಅಂದ ಕೂಡಲೇ ತಿರುಗಬೇಕು. ಮನೆಯಲ್ಲಿ ಒಪ್ಪಿಕೊಂಡ ಮಾತನ್ನು ಮಕ್ಕಳು ಕಾಡಿನಲ್ಲಿ ಪಾಲಿಸುತ್ತಾರೆ. ಮಲಪ್ರಭೆ ಮುಂದಿನ ಭಾನುವಾರವೂ ಹರಿಯುತ್ತಿರುತ್ತಾಳೆ. ಎಲ್ಲರೂ ಕೂಡಿ ಹೋಗಿ, ಎಲ್ಲರೂ ಕೂಡಿ ಬನ್ನಿ.