ಬೇಸಿಗೆಯ ಹೊಲಗೆಲಸ: ಬಿಸಿಲಿನಿಂದ ರಕ್ಷಣೆ

ಚಿಕ್ಕೋಡಿ, ರಾಯಬಾಗ, ಅಥಣಿ ಭಾಗಗಳಲ್ಲಿ ಕೂಳೆ ಕಬ್ಬಿಗೆ ರವದಿ ಹೊದಿಸುವುದು, ಕಳೆ ತೆಗೆಯುವುದು ಮೊದಲಾದ ಕೆಲಸಗಳು ಕಡುಬಿಸಿಲಿನಲ್ಲಿಯೇ ಬರುತ್ತವೆ. ಬೆಳೆಗೆ ನೀರು ತಪ್ಪದಂತೆ ನೋಡಿಕೊಳ್ಳುವ ರೈತ ಬಾಂಧವರು ದುಡಿಯುವವರ ದೇಹದ ಕಡೆಗೂ ಗಮನ ಕೊಡಬೇಕು.

ಮುನ್ನೆಚ್ಚರಿಕೆ: ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಭಾರಿ ಕೆಲಸ ಬೇಡ. ತುಂಬುತೋಳಿನ ಸಡಿಲವಾದ ಹತ್ತಿ ಬಟ್ಟೆ, ಕಿವಿ ಕತ್ತು ಮುಚ್ಚುವ ರುಮಾಲು ಇರಲಿ. ಬಾಯಾರಿಕೆಗೆ ಕಾಯದೆ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಊಟದೊಂದಿಗೆ ಉಪ್ಪು ಬೆರೆಸಿದ ಮಜ್ಜಿಗೆ ಉತ್ತಮ.

ಚರ್ಮ ಸುಟ್ಟಾಗ: ನೆರಳಿಗೆ ಬಂದು, ಉರಿಯುವ ಜಾಗದ ಮೇಲೆ ತಣ್ಣೀರಿನ ಒದ್ದೆ ಬಟ್ಟೆ ಇಡಿರಿ. ಬೆಣ್ಣೆ, ಟೂತ್‌ಪೇಸ್ಟ್ ಹಚ್ಚಬೇಡಿರಿ, ಗುಳ್ಳೆ ಒಡೆಯಬೇಡಿರಿ.

ಬಿಸಿಲು ಬಡಿದಾಗ: ಮೈ ಕಾದು, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಅದು ಪ್ರಾಣಾಪಾಯದ ಲಕ್ಷಣ. ದುಡಿಯುವವರಲ್ಲಿ ಬೆವರು ನಿಲ್ಲದೆಯೂ ಹೀಗಾಗಬಹುದು. ಕೂಡಲೇ 108ಕ್ಕೆ ತಿಳಿಸಿರಿ. ಅಷ್ಟರಲ್ಲಿ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಉಳ್ಳಾಗಡ್ಡಿ ಮೂಸಿಸುತ್ತ ಹೊತ್ತು ಕಳೆಯಬಾರದು.

ವಾಹನ ಬರುವವರೆಗೆ ಕಾಯದೆ ಮೈ ತಣಿಸಲಾರಂಭಿಸುವುದೇ ಜೀವ ಉಳಿಸುವ ಮೊದಲ ಚಿಕಿತ್ಸೆ.