ವಿಮಾನ ರಿಪೇರಿ ಓದಿಗೆ ಸೇರುವ ಮುನ್ನ: ಲೈಸೆನ್ಸು, ಲಾಗ್‌ಬುಕ್ಕು ಮತ್ತು ಹೆಸರಿನ ಇನಿಷಿಯಲ್



ಪಿಯುಸಿ ಫಲಿತಾಂಶ ಬಂದರೆ ಸಾಕು, ಬಿಂಡಿಗನವಿಲೆ ಹೋಬಳಿಯ ಸಂಘಗಳ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿಯುವ ಮೊದಲೇ ಮಕ್ಕಳ ಓದಿನ ಮಾತು ಶುರುವಾಗುತ್ತದೆ. ನರ್ಸಿಂಗ್, ಡಿಪ್ಲೊಮಾ, ಐಟಿಐ ಇವೆಲ್ಲ ತಾಯಂದಿರಿಗೆ ಗೊತ್ತಿರುವ ದಾರಿಗಳು. ಈಚೆಗೆ ಹೊಸದೊಂದು ಸೇರಿಕೊಂಡಿದೆ. "ಸಿಸ್ಟರ್, ನಮ್ ಹುಡ್ಗ ಇಮಾನ ರಿಪೇರಿ ಕಲೀತೀನಿ ಅಂತ ಕುಂತವ್ನೆ, ಸೇರಿಸ್ಬೋದಾ?" ಎಂದು ಕೇಳುತ್ತಾರೆ.

ಗರುಡನಿಗೆ ಹೆಸರಾದ ಊರಿನ ಮಕ್ಕಳಿಗೆ ಹಾರುವುದರ ಮೇಲೆ ಆಸೆ ಹುಟ್ಟಿದರೆ ತಪ್ಪೇನು? ಬೆಂಗಳೂರಿನಲ್ಲಿ 1940ರಲ್ಲೇ ಮೈಸೂರು ಸರ್ಕಾರದ ನೆರವಿನಿಂದ ವಿಮಾನ ಕಾರ್ಖಾನೆ ಶುರುವಾಯಿತು, ಅದೇ ಇಂದಿನ ಎಚ್‌ಎಎಲ್. ಗುಬ್ಬಿ ತಾಲ್ಲೂಕಿನಲ್ಲಿ ಅದರ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕೆಲಸ ಇದೆ, ನಿಜ. ಆದರೆ ಈ ಕೆಲಸದಲ್ಲಿ ಸ್ಪ್ಯಾನರ್ ಹಿಡಿಯುವಷ್ಟೇ ಮುಖ್ಯ ಕಾಗದ ಹಿಡಿಯುವುದು. ಅದನ್ನು ತಿಳಿಯದೆ ಜಮೀನು ಭೋಗ್ಯಕ್ಕೆ ಹಾಕಿ, ಒಡವೆ ಅಡವಿಟ್ಟು ಫೀಸು ಕಟ್ಟಿದ ಮನೆಗಳನ್ನು ನಾವು ಕಂಡಿದ್ದೇವೆ. ಅದಕ್ಕೇ ಈ ಪಾಠ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಾಲೇಜು ಕೊಡುವ ಸರ್ಟಿಫಿಕೇಟು ಬೇರೆ, ಲೈಸೆನ್ಸು ಬೇರೆ. ನಮ್ಮ ದೇಶದಲ್ಲಿ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸನ್ನು, ಎಎಂಇ ಅಂತ ಕರೆಯುತ್ತಾರಲ್ಲ, ಅದನ್ನು ಕೊಡುವುದು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಮಾತ್ರ. ಏರೋನಾಟಿಕಲ್ ಬಿಇ, ಡಿಪ್ಲೊಮಾ, ಬಿಎಸ್‌ಸಿ ಏನೇ ಇರಲಿ, ಅದು ಈ ಲೈಸೆನ್ಸ್ ಅಲ್ಲ. ಐಟಿಐ ಮುಗಿಸಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗುವುದೂ ಒಳ್ಳೆಯದೇ, ಆದರೆ ಅದು ಬೇರೆ ದಾರಿ.

ಲೈಸೆನ್ಸಿಗೆ ಇಷ್ಟೊಂದು ಬಿಗಿ ಏಕೆ ಅಂದರೆ, ರಿಪೇರಿಯಾದ ವಿಮಾನ ಮತ್ತೆ ಹಾರಬೇಕಾದರೆ ಅಧಿಕಾರವಿರುವ ಒಬ್ಬರು 'ಕೆಲಸ ನಿಯಮದ ಪ್ರಕಾರ ಆಗಿದೆ, ಸೇವೆಗೆ ಬಿಡಬಹುದು' ಎಂದು ಸಹಿ ಹಾಕಲೇಬೇಕು. ಒಂದು ಬಿಡಿಭಾಗ ಹಾಕಿದರೂ ಅದು ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು ಎಂಬುದಕ್ಕೆ ಕಾಗದ ಇರಬೇಕು. ಟ್ರ್ಯಾಕ್ಟರ್ ರಿಪೇರಿ ಹಾಗಲ್ಲ. ಕೆಟ್ಟರೆ ಗದ್ದೆ ಬದುವಿನಲ್ಲಿ ನಿಲ್ಲುತ್ತದೆ, ಅಷ್ಟೆ.

ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು, ಇಲ್ಲವೇ ಎಂಜಿನಿಯರಿಂಗ್ ಡಿಪ್ಲೊಮಾ ಆಗಿರಬೇಕು. ಸಂಸ್ಥೆಗೆ ಸಿಎಆರ್-147 ಎಂಬ ನಿಯಮದಡಿ ಡಿಜಿಸಿಎ ಮಾನ್ಯತೆ ಇರಬೇಕು. 'ಸರ್ಕಾರಿ ಮಾನ್ಯತೆ ಪಡೆದದ್ದು' ಎಂದು ಕರಪತ್ರದಲ್ಲಿ ಅಚ್ಚಾಗಿದ್ದರೆ ಸಾಲದು. ಡಿಜಿಸಿಎ ಜಾಲತಾಣದ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರು, ಆ ಊರಿನ ವಿಳಾಸ, ಮಾನ್ಯತೆ ಮುಗಿಯುವ ತಾರೀಖು, ಯಾವ ವಿಭಾಗಕ್ಕೆ ಮಾನ್ಯತೆ ಎಂಬ ನಾಲ್ಕನ್ನೂ ನೋಡಬೇಕು. ವಿಭಾಗ ಅಂದರೆ, ಜೆಟ್ ಅಥವಾ ಟರ್ಬೈನ್ ಎಂಜಿನ್ನಿನ ವಿಮಾನದ ಯಾಂತ್ರಿಕ ಕೆಲಸಕ್ಕೆ ಬಿ1.1, ಟರ್ಬೈನ್ ಹೆಲಿಕಾಪ್ಟರ್‌ಗೆ ಬಿ1.3, ವಿದ್ಯುತ್ತು, ರೇಡಿಯೊ, ಉಪಕರಣಗಳಿಗೆ ಬಿ2. ನಾವು ಬಲ್ಲ ಒಬ್ಬ ಹುಡುಗನ ಸಂಸ್ಥೆಗೆ ಮಾನ್ಯತೆ ಇತ್ತು, ಅವನು ಸೇರಿದ ವಿಭಾಗಕ್ಕೆ ಇರಲಿಲ್ಲ. ಎರಡು ವರ್ಷದ ಫೀಸು ಕಟ್ಟಿ ಆದ ಮೇಲೆ ಮನೆಯವರಿಗೆ ಗೊತ್ತಾಯಿತು.

ಪರೀಕ್ಷೆ ಡಿಜಿಸಿಎಯದ್ದೇ. ಮೊದಲು ಒಂದು ಕಂಪ್ಯೂಟರ್ ನಂಬರ್ ಪಡೆಯಬೇಕು, ಕೊನೆತನಕ ಅದೇ ನಂಬರು. ಗಣಿತದಿಂದ ಹಿಡಿದು ಎಂಜಿನ್, ವಿಮಾನಯಾನ ಕಾನೂನು, ಮನುಷ್ಯನ ತಪ್ಪುಗಳು ಹೇಗೆ ಆಗುತ್ತವೆ ಎಂಬ ವಿಷಯದವರೆಗೆ ಒಂದೊಂದರಲ್ಲೂ ನೂರಕ್ಕೆ 75 ಬರಬೇಕು. ನಮ್ಮ ಮಕ್ಕಳು 35 ಬಂದರೆ ಪಾಸು ಎಂದು ಬೆಳೆದವರು, ಈ ಲೆಕ್ಕ ಮೊದಲೇ ಗೊತ್ತಿರಲಿ. ಎಲ್ಲವೂ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರಿಗೆ ಆಗುವುದಿಲ್ಲ ಅಂತ ನಾವು ಹೇಳುವುದಿಲ್ಲ; ಮೊದಲ ವರ್ಷ ಕಷ್ಟಪಡಬೇಕಾಗ್ತದೆ.

ಪರೀಕ್ಷೆ ಪಾಸಾದರೂ ಲೈಸೆನ್ಸು ಕೈಗೆ ಬರುವುದಿಲ್ಲ. ಬಿ1.1 ಅಥವಾ ಬಿ2ಗೆ, ಮಾನ್ಯತೆಯ ಕೋರ್ಸ್ ಮಾಡಿದವರಿಗೂ, ಹಾರಾಟದಲ್ಲಿರುವ ವಿಮಾನಗಳ ಮೇಲೆ ಸುಮಾರು ಎರಡು ವರ್ಷದ ಅನುಭವ ಬೇಕು. ಆ ಅನುಭವಕ್ಕೆ ಸಾಕ್ಷಿ ಲಾಗ್‌ಬುಕ್ಕು. ಯಾವ ದಿನ, ಯಾವ ನೋಂದಣಿಯ ವಿಮಾನ, ಏನು ಕೆಲಸ, ಯಾರ ಉಸ್ತುವಾರಿ ಎಂದು ಬರೆದು, ಉಸ್ತುವಾರಿ ಎಂಜಿನಿಯರ್ ಸಹಿಯನ್ನು ಆಗಿಂದಾಗಲೇ ಹಾಕಿಸಿಕೊಳ್ಳಬೇಕು. ಆಮೇಲೆ ಹಾಕಿಸಿದರಾಯ್ತು ಅಂತ ಬಿಟ್ಟವರು, ಆ ಎಂಜಿನಿಯರ್ ಬೇರೆ ಕಂಪನಿಗೆ ಹೋದ ಮೇಲೆ ಫೋನ್ ಮಾಡಿಕೊಂಡು ಅಲೆಯುತ್ತಾರೆ. ನರೇಗಾದಲ್ಲಿ ಹಾಜರಿ ಬೀಳದಿದ್ದರೆ ಕೂಲಿ ಬರಲ್ಲ ಅಂತ ನಿಮಗೆ ಯಾರೂ ಪಾಠ ಹೇಳಬೇಕಿಲ್ಲ. ಇದೂ ಹಾಗೇ. ಲೈಸೆನ್ಸ್ ಬಂದ ಮೇಲೂ ದೊಡ್ಡ ವಿಮಾನಕ್ಕೆ ಸಹಿ ಹಾಕಲು ಆಯಾ ಮಾದರಿಯ ತರಬೇತಿ, ಕಂಪನಿಯ ಅನುಮತಿ ಬೇರೆ ಬೇಕು. ಇಷ್ಟಕ್ಕೆಲ್ಲ ಐದಾರು ವರ್ಷ ಹಿಡಿಯಬಹುದು. ಸಾಲದ ಕಂತು ಯಾವಾಗ ಶುರುವಾಗುತ್ತದೆ ಎಂದು ಬ್ಯಾಂಕಿನಲ್ಲಿ ಕೇಳುವಾಗ ಇದು ನೆನಪಿರಲಿ.

ಹೊರದೇಶದಲ್ಲೂ ರೀತಿ ಇದೇ. ಅಮೆರಿಕದಲ್ಲಿ ವಿಮಾನ ಮೆಕ್ಯಾನಿಕ್, ರಿಪೇರಿಗಾರ, ಪ್ಯಾರಾಚೂಟ್ ಮಡಿಸಿ ಕಟ್ಟುವವರು, ಮೂವರಿಗೂ 8610-2 ಎಂಬ ಒಂದೇ ಅರ್ಜಿ ನಮೂನೆ. ಮೆಕ್ಯಾನಿಕ್ ಅನುಭವದ ಮೇಲೆ ಬಂದರೆ ವಿಮಾನದ ಮೈ ಅಥವಾ ಎಂಜಿನ್ ಒಂದಕ್ಕೆ 18 ತಿಂಗಳು, ಎರಡಕ್ಕೂ ಸೇರಿ 30 ತಿಂಗಳ ದಾಖಲೆ ತೋರಿಸಬೇಕು. ರಿಪೇರಿಗಾರನ ಸರ್ಟಿಫಿಕೇಟು ಅವನು ದುಡಿಯುವ ಜಾಗಕ್ಕೆ ಕಟ್ಟುಬಿದ್ದದ್ದು, ಕೆಲಸ ಬಿಟ್ಟರೆ ಅದೂ ಹೋಯಿತು. ಪ್ಯಾರಾಚೂಟ್ ಕಟ್ಟುವವರು ಉಸ್ತುವಾರಿಯಲ್ಲಿ ಕಡಿಮೆಯೆಂದರೆ 20 ಪ್ಯಾರಾಚೂಟ್ ಕಟ್ಟಿ ತೋರಿಸಿರಬೇಕು. ಆಮೇಲೆ ಕಟ್ಟಿದ ಪ್ರತಿಯೊಂದಕ್ಕೂ ತಮ್ಮದೇ ಮುದ್ರೆ ಒತ್ತಿ, ದಾಖಲೆ ಬರೆದಿಡುತ್ತಾರೆ. ಆ ಅರ್ಜಿಯಲ್ಲಿ ಹೆಸರಿನ ನಡುಭಾಗ ಇಲ್ಲದವರು ಇಲ್ಲ ಎಂದೇ ಬರೆಯಬೇಕು, ಖಾಲಿ ಬಿಡುವಂತಿಲ್ಲ.

ಹೆಸರಿನ ವಿಷಯ ಬಂದದ್ದರಿಂದ ಹೇಳುತ್ತೇವೆ, ನಮ್ಮ ಕಡೆ ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಮಂಜುನಾಥ ಒಂದು ಕಡೆ 'ಎ' ಅಕ್ಷರದಲ್ಲಿ ಮುಗಿಯುತ್ತಾನೆ, ಇನ್ನೊಂದು ಕಡೆ ಇಲ್ಲ. ನಮಗೆ ಇದು ದೊಡ್ಡದಾಗಿ ಕಾಣುವುದಿಲ್ಲ, ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಎಸ್‌ಎಸ್‌ಎಲ್‌ಸಿ ಕಾರ್ಡನ್ನು ಮೂಲವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ, ಹುಟ್ಟಿದ ತಾರೀಖಿಗೆ ಒಂದೇ. ಅವಸರದಲ್ಲಿ ಸೈಬರ್ ಸೆಂಟರಿಗೆ ಓಡಿ ಕಳೆದುಕೊಳ್ಳಬೇಡಿ. ಮಾರ್ಕ್ಸ್ ಕಾರ್ಡಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕವೇ ಪರೀಕ್ಷಾ ಮಂಡಳಿಗೆ ಬರೆಯಬೇಕು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವಾಗಲೂ ಅದೇ ಅಕ್ಷರ, ಅದೇ ಇನಿಷಿಯಲ್ ಬರೆಸಿ.

ಈ ವರ್ಷ ಮಕ್ಕಳನ್ನು ಸೇರಿಸುವ ಯೋಚನೆ ಇರುವ ತಾಯಂದಿರು ಮುಂದಿನ ಸಂಘದ ಸಭೆಗೆ ಮಾರ್ಕ್ಸ್ ಕಾರ್ಡ್, ಆಧಾರ್, ಸಂಸ್ಥೆಯವರು ಕೊಟ್ಟ ಕರಪತ್ರ ಮೂರನ್ನೂ ತನ್ನಿ. ಮಗ ಅಥವಾ ಮಗಳನ್ನೂ ಕರೆದುಕೊಂಡು ಬನ್ನಿ. ಹೆಸರುಗಳನ್ನು ಅಕ್ಷರ ಅಕ್ಷರ ಕೂಡಿಸಿ ನೋಡೋಣ, ಡಿಜಿಸಿಎ ಪಟ್ಟಿಯನ್ನು ಅಲ್ಲೇ ಫೋನಿನಲ್ಲಿ ತೆರೆಯೋಣ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕಟ್ಟಬೇಡಿ.